‘ಪ್ಯಾಂಕ್ರಿಯಾಸ್‌ನಲ್ಲಿ ಸಿಸ್ಟ್’: ಈ ಒಂದು ಸಾಲು ಸಾಲದು

ಸಂಪಾದಕರಿಗೆ,

ಮಾನ್ಯರೇ,

ಹೊಟ್ಟೆಯ ಸ್ಕ್ಯಾನ್ ವರದಿಗಳ ಕೊನೆಗೆ ‘ಪ್ಯಾಂಕ್ರಿಯಾಸ್‌ನಲ್ಲಿ ಸಿಸ್ಟ್ ಇದೆ’ ಎಂಬ ಸಾಲು ಈಚೆಗೆ ಪದೇ ಪದೇ ಕಾಣುತ್ತಿದೆ. ರೋಗ ಹೆಚ್ಚಿತೆಂದಲ್ಲ, ನೋಡುವ ಕಣ್ಣು ಹೆಚ್ಚಿದವು. ಕಿಡ್ನಿ ಹರಳಿಗೆಂದು ಸಿ.ಟಿ. ಮಾಡಿಸುತ್ತಾರೆ, ಬೆನ್ನುನೋವಿಗೆಂದು ಎಂಆರ್‌ಐ ಮಾಡಿಸುತ್ತಾರೆ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಬೇರೆ ಕಾರಣಕ್ಕೆ ಸಿ.ಟಿ. ಆದ ನೂರು ಜನರಲ್ಲಿ ಎರಡು-ಮೂರು ಮಂದಿಯ ಮೇದೋಜೀರಕ ಗ್ರಂಥಿಯಲ್ಲಿ ಇಂಥ ದ್ರವದ ಚೀಲ ಕಾಣುತ್ತದೆ. ವಯಸ್ಸು ಎಪ್ಪತ್ತು ದಾಟಿದವರಲ್ಲಿ ಇನ್ನೂ ಹೆಚ್ಚು.

ಗದಗ, ರೋಣ, ಹಾನಗಲ್ಲ ಕಡೆಯಿಂದ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬರುವ ರೋಗಿಗಳು ಆ ಒಂದು ಹಾಳೆ ಹಿಡಿದು ಕೇಳುವುದು ಒಂದೇ ಪ್ರಶ್ನೆ: “ನೀರಿನ ಗಂಟ ಐತಂತ್ರೀ, ಕ್ಯಾನ್ಸರ್ ಏನ್ರೀ?” ಉತ್ತರ ಎರಡು ತುದಿಗೆ ಹೋಗುವುದೇ ಸಮಸ್ಯೆ. ಒಂದೋ ಮನೆಮಂದಿಯೆಲ್ಲ ಕ್ಯಾನ್ಸರ್ ಎಂದು ಎದೆಗುಂದುತ್ತಾರೆ, ಇಲ್ಲವೇ ‘ಬರೀ ನೀರು, ಸೂಜಿ ಹಾಕಿ ತೆಗೆದರಾಯಿತು’ ಎಂದು ಯಾರೋ ಹಗುರಾಗಿ ಹೇಳಿಬಿಡುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ. ಸಿಸ್ಟ್ ಎಂಬುದು ರೋಗದ ಹೆಸರಲ್ಲ, ಆಕಾರದ ಹೆಸರು. ಅದು ಯಾವ ಜಾತಿಯದು ಎಂದು ತಿಳಿಯುವವರೆಗೆ ಹೆದರಿಕೆಗೂ ಆಧಾರವಿಲ್ಲ, ಧೈರ್ಯಕ್ಕೂ ಆಧಾರವಿಲ್ಲ.

ಮೊದಲು ಜಾಗ ತಿಳಿಯಬೇಕು. ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಹುರಿಯ ಮೂಳೆಗೆ ಅಡ್ಡಲಾಗಿ ಮಲಗಿದೆ. ಉದ್ದ 12ರಿಂದ 15 ಸೆಂ.ಮೀ. ತಲೆ ಬಲಕ್ಕೆ, ಸಣ್ಣ ಕರುಳಿನ ಮೊದಲ ತಿರುವಿನೊಳಗೆ. ಬಾಲ ಎಡಕ್ಕೆ, ಗುಲ್ಮದ ಬಳಿ. ನಡುವೆ ಉದ್ದಕ್ಕೂ ಹರಿಯುವ ಮುಖ್ಯ ನಾಳ ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸು, ಅದಕ್ಕೆ ಸೇರುವ ಕವಲು ನಾಳಗಳು ಹಲವು. ಗ್ಯಾಸ್ ತುಂಬಿದ ಹೊಟ್ಟೆಯಲ್ಲಿ ಅಲ್ಟ್ರಾಸೌಂಡಿಗೆ ಬಾಲದ ಭಾಗ ಕಾಣುವುದೇ ಇಲ್ಲ. ‘ಗ್ಯಾಸ್‌ನಿಂದಾಗಿ ಬಾಲ ಸರಿಯಾಗಿ ಕಾಣಲಿಲ್ಲ’ ಎಂದು ವರದಿಯಲ್ಲಿದ್ದರೆ ಅಲ್ಲಿ ಏನೂ ಇಲ್ಲ ಎಂದು ಓದಿಕೊಳ್ಳಬಾರದು, ಅಲ್ಲಿ ನೋಡಿಯೇ ಇಲ್ಲ ಎಂದು ಓದಬೇಕು.

ವಿಂಗಡಣೆ ಶುರುವಾಗುವುದು ಚೀಲದ ಗೋಡೆಯಿಂದ. ಗೋಡೆಯ ಒಳಮೈಗೆ ತನ್ನದೇ ಜೀವಕೋಶಗಳ ಪದರವಿದ್ದರೆ ಅದು ನಿಜವಾದ ಸಿಸ್ಟ್. ಪದರವಿಲ್ಲದೆ, ಸೋರಿದ ರಸದ ಸುತ್ತ ದೇಹ ಕಟ್ಟಿಕೊಂಡ ಬರೀ ನಾರಿನ ಗೋಡೆಯಿದ್ದರೆ ಅದು ಸೂಡೋಸಿಸ್ಟ್, ಅಂದರೆ ಹುಸಿಚೀಲ. ಹುಸಿಚೀಲ ಕ್ಯಾನ್ಸರ್ ಆಗುವುದಿಲ್ಲ, ಏಕೆಂದರೆ ಕೆಡಲು ಅಲ್ಲಿ ಆ ಜೀವಕೋಶಗಳೇ ಇಲ್ಲ.

ಹುಸಿಚೀಲಕ್ಕೆ ಹಿನ್ನೆಲೆ ಬೇಕೇ ಬೇಕು. ಪಿತ್ತಕೋಶದ ಹರಳು ಜಾರಿ ಅಥವಾ ಕುಡಿತದಿಂದ ಪ್ಯಾಂಕ್ರಿಯಾಟೈಟಿಸ್ (ಗ್ರಂಥಿಯ ಉರಿಯೂತ) ಆಗಿರಬೇಕು, ಇಲ್ಲವೇ ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದಿರಬೇಕು. ಸೈಕಲ್ ಮೇಲಿಂದ ಬಿದ್ದ ಹುಡುಗನ ಮೇಲುಹೊಟ್ಟೆಗೆ ಹ್ಯಾಂಡಲ್ಲಿನ ತುದಿ ನಾಟಿದರೆ, ಎತ್ತು ಹಾಯ್ದರೆ, ಗ್ರಂಥಿ ಬೆನ್ನುಮೂಳೆಗೆ ಒತ್ತಿ ಒಡೆಯುತ್ತದೆ. ಹೊರಗೆ ಬರೀ ಕಂದುಗಟ್ಟಿದ ಗುರುತು, ಒಳಗೆ ರಸ ಸೋರುತ್ತಿರುತ್ತದೆ. ವಾರಗಳ ಮೇಲೆ ಹೊಟ್ಟೆ ಉಬ್ಬಿದಾಗ ಆ ಬಿದ್ದ ಸಂಗತಿ ಯಾರಿಗೂ ನೆನಪಿರುವುದಿಲ್ಲ. ಕೇಳಿದರಷ್ಟೇ ಹೊರಬರುತ್ತದೆ.

2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣ ಪ್ಯಾಂಕ್ರಿಯಾಟೈಟಿಸ್ ಬೇನೆಯ ನಂತರ ಕೂಡುವ ದ್ರವವನ್ನು ನಾಲ್ಕು ಮಾಡಿದೆ. ನಾಲ್ಕು ವಾರದೊಳಗೆ ಕೂಡಿದ ಬರೀ ದ್ರವ, ನಾಲ್ಕು ವಾರದೊಳಗೆ ಕೂಡಿದ ಸತ್ತ ಮಾಂಸ ಬೆರೆತ ದ್ರವ. ನಾಲ್ಕು ವಾರ ಕಳೆದು ಗೋಡೆ ಬಲಿತ ಮೇಲೆ ಮೊದಲನೆಯದು ಸೂಡೋಸಿಸ್ಟ್, ಎರಡನೆಯದು ‘ವಾಲ್ಡ್ ಆಫ್ ನೆಕ್ರೋಸಿಸ್’. ಸಿ.ಟಿ.ಯಲ್ಲಿ ಇವೆರಡೂ ಹೆಚ್ಚೂಕಡಿಮೆ ಒಂದೇ ಥರ ಕಾಣುತ್ತವೆ. ಒಳಗಿನ ಗಟ್ಟಿ ತುಣುಕುಗಳು ಎಂಆರ್‌ಐ ಇಲ್ಲವೇ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿಗೆ (ಬಾಯಿಯಿಂದ ಕೊಳವೆ ಇಳಿಸಿ ಒಳಗಿನಿಂದ ಮಾಡುವ ಸ್ಕ್ಯಾನಿಗೆ) ಚೆನ್ನಾಗಿ ಗೊತ್ತಾಗುತ್ತವೆ. ಗೊತ್ತಿಲ್ಲದೆ ತೆಳು ಕೊಳವೆ ಇಟ್ಟರೆ ತುಣುಕು ಸಿಕ್ಕಿಕೊಂಡು ಕೊಳವೆ ಕಟ್ಟುತ್ತದೆ, ಕೀವಾಗುತ್ತದೆ.

‘6 ಸೆಂ.ಮೀ. ದಾಟಿತು, 6 ವಾರ ಆಯಿತು, ತೆಗೆಯಿರಿ’ ಎಂಬ ಹಳೆಯ ಲೆಕ್ಕ ಈಗ ಉಳಿದಿಲ್ಲ. ನೋವು, ಊಟ ಸೇರದೆ ವಾಂತಿ, ಕಾಮಾಲೆ, ಸೋಂಕು ಇದ್ದರೆ ತೆಗೆಯಬೇಕು. ಯಾವುದೂ ಇಲ್ಲದಿದ್ದರೆ ಕಾಯಬಹುದು, ಎಷ್ಟೋ ಹುಸಿಚೀಲಗಳು ತಾವಾಗಿಯೇ ಇಂಗುತ್ತವೆ. ಹಾಗೆ ಇಂಗಿದಾಗ ಕೀರ್ತಿಯೆಲ್ಲ ಆ ತಿಂಗಳು ಕುಡಿದ ಕಷಾಯಕ್ಕೆ ಹೋಗುತ್ತದೆ, ಅದು ಬೇರೆ ಮಾತು. ತೆಗೆಯಲೇಬೇಕಾದರೆ ಜಠರದ ಹಿಂಗೋಡೆಯಿಂದ ಚೀಲಕ್ಕೆ ದಾರಿ ಮಾಡಿ ಸ್ಟೆಂಟ್ ಇಡುವುದು ಇಂದಿನ ರೂಢಿ. ಲೋಹದ ಅಗಲ ಸ್ಟೆಂಟ್ ಇಟ್ಟರೆ ಮೂರು-ನಾಲ್ಕು ವಾರದಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಹೊರತೆಗೆಯಬೇಕು. ಚೀಲ ಕುಗ್ಗಿದ ಮೇಲೆ ಲೋಹದ ಅಂಚು ರಕ್ತನಾಳಕ್ಕೆ ಉಜ್ಜಿ ರಕ್ತಸ್ರಾವವಾಗುತ್ತದೆ. ‘ನೋವು ಹೋತು, ಇನ್ನ್ಯಾಕ ಹೋಗೂದು’ ಎಂದು ಆ ತಾರೀಕು ತಪ್ಪಿಸಬಾರದು. ದಾರಿ ಮಾಡುವ ಮೊದಲು ಕಾಂಟ್ರಾಸ್ಟ್ (ಚಿತ್ರ ನಿಚ್ಚಳವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟು ಮಾಡಿದ ಸಿ.ಟಿ.ಯಲ್ಲಿ ಪಕ್ಕದ ಅಪಧಮನಿ ಉಬ್ಬಿಲ್ಲವೆಂದು ನೋಡಿರಬೇಕು. ಉಬ್ಬಿದ ನಾಳವಿದ್ದರೆ ಮೊದಲು ಅದನ್ನು ಮುಚ್ಚಬೇಕು.

ಇಲ್ಲಿಯೇ ದೊಡ್ಡ ಎಡವಟ್ಟು ಆಗುವುದು. ಬೇನೆಯ ಇತಿಹಾಸವಿಲ್ಲ, ಕುಡಿತವಿಲ್ಲ, ಹರಳಿಲ್ಲ, ಪೆಟ್ಟಿಲ್ಲ; ಆದರೂ ದುಂಡಗಿನ ಚೀಲ ಕಂಡಿತೆಂದು ಸೂಡೋಸಿಸ್ಟ್ ಎಂದು ಬರೆದುಬಿಡುವುದು. ನಿಜವಾದ ಗೆಡ್ಡೆಯ ಚೀಲವನ್ನು ಹುಸಿಚೀಲವೆಂದು ಜಠರಕ್ಕೆ ಜೋಡಿಸಿದರೆ ಗೆಡ್ಡೆ ಒಳಗೇ ಉಳಿಯುತ್ತದೆ, ಮುಂದಿನ ಶಸ್ತ್ರಚಿಕಿತ್ಸೆಯೂ ಕಠಿಣವಾಗುತ್ತದೆ. ಉಲ್ಟಾ ಪ್ರಶ್ನೆಯೂ ಇದೆ. ಲೋಳೆ ಸುರಿಸುವ ಕೆಲವು ಗೆಡ್ಡೆಗಳು ತಾವೇ ನಾಳ ಕಟ್ಟಿಸಿ ಪ್ಯಾಂಕ್ರಿಯಾಟೈಟಿಸ್ ತರುತ್ತವೆ. ಆದ್ದರಿಂದ ಬೇನೆ ಮೊದಲೋ ಚೀಲ ಮೊದಲೋ ಎಂದು ಹಳೆಯ ಸ್ಕ್ಯಾನ್ ತೆಗೆದು ನೋಡದೆ ತೀರ್ಮಾನಿಸಬಾರದು.

ಇನ್ನು ಒಳಪದರವಿರುವ ಗೆಡ್ಡೆಗಳು. 1978ರಲ್ಲಿ ಕಂಪಾಗ್ನೊ ಮತ್ತು ಓರ್ಟೆಲ್ ಇವನ್ನು ನೀರಿನಂಥ ದ್ರವದವು, ಲೋಳೆಯವು ಎಂದು ಬೇರೆ ಮಾಡಿದರು. ಇಂದಿಗೂ ಮೊದಲ ಪ್ರಶ್ನೆ ಅದೇ: ಒಳಗಿರುವುದು ನೀರೋ, ಲೋಳೆಯೋ?

ನೀರಿನದು ಸೀರಸ್ ಸಿಸ್ಟಡಿನೋಮಾ. ಹೆಚ್ಚಾಗಿ ಅರವತ್ತರ ಆಸುಪಾಸಿನ ಹೆಣ್ಣುಮಕ್ಕಳಲ್ಲಿ. ಕೊಯ್ದು ನೋಡಿದರೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಕೋಣೆ, ಕೆಲವರಲ್ಲಿ ನಟ್ಟನಡುವೆ ನಕ್ಷತ್ರದಂಥ ಗಾಯದ ಕಲೆ, ಅದರಲ್ಲಿ ಸುಣ್ಣದ ಕಣ. ಕೋಣೆಗಳು ತೀರ ಸಣ್ಣವಾದರೆ ಅಲ್ಟ್ರಾಸೌಂಡಿನಲ್ಲಿ ಗಟ್ಟಿ ಗಡ್ಡೆಯ ಹಾಗೆ ಕಂಡು ಗಾಬರಿ ಹುಟ್ಟಿಸುತ್ತದೆ. ಇದು ಕ್ಯಾನ್ಸರ್ ಆಗುವುದು ಅತಿ ಅತಿ ಅಪರೂಪ. ಒತ್ತಡದ ತೊಂದರೆ ಇಲ್ಲದಿದ್ದರೆ ಬಿಟ್ಟುಬಿಡುವುದೇ ಚಿಕಿತ್ಸೆ. ಇದಕ್ಕಾಗಿ ಗ್ರಂಥಿಯ ತಲೆ ಕತ್ತರಿಸಿಕೊಂಡವರು ಕಳೆದುಕೊಂಡದ್ದೇ ಹೆಚ್ಚು. ತೊಡಕೆಂದರೆ, ಕೋಣೆಗಳು ದೊಡ್ಡವಾಗಿ ನಾಲ್ಕಾರೇ ಇರುವ ಬಗೆಯೂ ಒಂದಿದೆ. ಅದು ಮುಂದೆ ಹೇಳುವ ಎಂಸಿಎನ್‌ನ ತದ್ರೂಪ.

ಎಂಸಿಎನ್, ಅಂದರೆ ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ. ಬಹುತೇಕ ಎಲ್ಲರೂ ಹೆಂಗಸರು, ನಲವತ್ತು-ಐವತ್ತರ ವಯಸ್ಸು. ಹತ್ತರಲ್ಲಿ ಒಂಬತ್ತು ಗ್ರಂಥಿಯ ನಡುಭಾಗ ಅಥವಾ ಬಾಲದಲ್ಲಿ. ಒಂದೇ ದೊಡ್ಡ ಚೀಲ, ದಪ್ಪ ಗೋಡೆ, ನಾಳಕ್ಕೆ ಸಂಪರ್ಕವಿಲ್ಲ. ಅಂಚಿಗೆ ಮೊಟ್ಟೆಯ ಸಿಪ್ಪೆಯ ಹಾಗೆ ಸುಣ್ಣ ಕಟ್ಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಪದರದ ಕೆಳಗೆ ಅಂಡಾಶಯದಲ್ಲಿರುವಂಥ ಅಂಗಾಂಶ ಕಂಡರೆ ಮಾತ್ರ ಪೆಥಾಲಜಿಯವರು ಈ ಹೆಸರು ಕೊಡುತ್ತಾರೆ. ಹಾರ್ಮೋನಿಗೆ ಸ್ಪಂದಿಸುವ ಅಂಗಾಂಶವಾದ್ದರಿಂದ ಬಸುರಿನಲ್ಲಿ ಚೀಲ ಬೆಳೆಯಬಹುದು. 4 ಸೆಂ.ಮೀ. ಮುಟ್ಟಿದರೆ, ಒಳಗೆ ಗಂಟು ಕಂಡರೆ, ತೊಂದರೆ ಕೊಡುತ್ತಿದ್ದರೆ ಬಾಲದ ಭಾಗ ತೆಗೆಯುತ್ತಾರೆ. ಗುಲ್ಮವೂ ಹೋಗುವಂತಿದ್ದರೆ ನ್ಯುಮೋಕಾಕಸ್, ಮೆನಿಂಗೊಕಾಕಸ್, ಹಿಬ್ ಲಸಿಕೆಗಳನ್ನು ಎರಡು ವಾರ ಮೊದಲೇ ಹಾಕಿಸಿಕೊಳ್ಳಬೇಕು. ಪೂರ್ತಿ ತೆಗೆದು, ಒಳಗೆ ಹರಡುವ ಕ್ಯಾನ್ಸರ್ ಇಲ್ಲವೆಂದು ಖಾತ್ರಿಯಾದರೆ ಅಲ್ಲಿಗೆ ಮುಗಿಯಿತು, ವರ್ಷ ವರ್ಷ ಸ್ಕ್ಯಾನ್ ಬೇಡ.

ಮುಗಿಯದ ಕತೆ ಇಂಟ್ರಾಡಕ್ಟಲ್ ಪ್ಯಾಪಿಲರಿ ಮ್ಯೂಸಿನಸ್ ನಿಯೋಪ್ಲಾಸಂ, ಅಂದರೆ ಐಪಿಎಂಎನ್‌ದು. 1982ರಲ್ಲಿ ಜಪಾನಿನ ಓಹಾಶಿ ಮತ್ತು ಸಂಗಡಿಗರು ಮೊದಲು ವರ್ಣಿಸಿದ ಈ ಗೆಡ್ಡೆ ನಾಳದ ಒಳಮೈಯಲ್ಲೇ ಹುಟ್ಟಿ ಲೋಳೆ ಸುರಿಸುತ್ತದೆ. ಲೋಳೆ ಹರಿದುಹೋಗದೆ ನಾಳ ಹಿಗ್ಗುತ್ತದೆ. ಗಂಡು ಹೆಣ್ಣು ಎರಡಕ್ಕೂ, ಅರವತ್ತು-ಎಪ್ಪತ್ತರಲ್ಲಿ. ಎಂಡೋಸ್ಕೋಪಿಯಲ್ಲಿ ನಾಳದ ಬಾಯಿ ಮೀನಿನ ಬಾಯಿಯಂತೆ ತೆರೆದು ಲೋಳೆ ಇಳಿಯುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಕವಲು ನಾಳದಲ್ಲಿ ಮಾತ್ರ ಇದ್ದರೆ ದ್ರಾಕ್ಷಿಗೊಂಚಲಿನಂತೆ ಕಾಣುತ್ತದೆ, ಅಪಾಯ ಕಡಿಮೆ, ಬಹುತೇಕರಿಗೆ ಕಾಯುವುದೇ ಸಾಕು. ಮುಖ್ಯ ನಾಳ ಹಿಡಿದಿದ್ದರೆ ಲೆಕ್ಕವೇ ಬೇರೆ. ಶಸ್ತ್ರಚಿಕಿತ್ಸೆಯಾದ ಇಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕ್ಯಾನ್ಸರ್ ಅಥವಾ ಅದರ ಹೊಸ್ತಿಲಿನ ಬದಲಾವಣೆ ಸಿಗುತ್ತದೆ. ಎರಡೂ ಕಡೆ ಇರುವ ಮಿಶ್ರ ಬಗೆಯನ್ನು ಮುಖ್ಯ ನಾಳದ್ದೆಂದೇ ನೋಡಬೇಕು.

ಐಪಿಎಂಎನ್‌ಗೆ 2006ರ ಸೆಂಡೈ, 2012 ಮತ್ತು 2017ರ ಫುಕುವೊಕಾ, 2024ರಲ್ಲಿ ಪ್ರಕಟವಾದ ಕ್ಯೋಟೊ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಬೆಳೆಯುತ್ತ ಬಂದಿವೆ. ತಲೆಯ ಭಾಗದ ಚೀಲದಿಂದ ಕಾಮಾಲೆ, ಕಾಂಟ್ರಾಸ್ಟ್ ಹೀರುವ 5 ಮಿ.ಮೀ. ಅಥವಾ ಮೇಲ್ಪಟ್ಟ ಗಂಟು, 10 ಮಿ.ಮೀ. ಮುಟ್ಟಿದ ಮುಖ್ಯ ನಾಳ, ಜೀವಕೋಶ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಥವಾ ಅದರ ಅನುಮಾನ: ಇವುಗಳಲ್ಲಿ ಒಂದಿದ್ದರೂ, ಶಸ್ತ್ರಚಿಕಿತ್ಸೆ ತಡೆದುಕೊಳ್ಳುವ ದೇಹಸ್ಥಿತಿ ಇದ್ದವರಿಗೆ ತಡಮಾಡಬಾರದು. ಚೀಲ 3 ಸೆಂ.ಮೀ. ಆಗಿರುವುದು, ನಾಳ 5ರಿಂದ 9 ಮಿ.ಮೀ., ಗೋಡೆ ದಪ್ಪವಾಗಿರುವುದು, ನಾಳ ಒಮ್ಮೆಲೇ ಕಿರಿದಾಗಿ ಆಚೆಯ ಗ್ರಂಥಿ ಸೊರಗಿರುವುದು, ವರ್ಷಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಬೆಳೆದಿರುವುದು, ಕಳೆದ ಒಂದು ವರ್ಷದಲ್ಲಿ ಹೊಸದಾಗಿ ಬಂದ ಅಥವಾ ಒಮ್ಮೆಲೇ ಹದಗೆಟ್ಟ ಸಕ್ಕರೆ ಕಾಯಿಲೆ: ಇವು ಎಚ್ಚರಿಕೆಯ ಗುರುತುಗಳು, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕು. ಸಕ್ಕರೆಯ ಮಾತು ನಮ್ಮ ಕಡೆ ಬಹಳ ಸಲ ಕಳೆದುಹೋಗುತ್ತದೆ, ಏಕೆಂದರೆ ಸಕ್ಕರೆಯ ಫೈಲು ಬೇರೆ ಡಾಕ್ಟರ ಬಳಿ, ಹೊಟ್ಟೆಯ ಫೈಲು ಬೇರೆಯವರ ಬಳಿ.

ನಾಲ್ಕನೆಯದು ಎಳೆಯ ಹೆಣ್ಣುಮಕ್ಕಳ ಗೆಡ್ಡೆ, ಸಾಲಿಡ್ ಸೂಡೋಪ್ಯಾಪಿಲರಿ ನಿಯೋಪ್ಲಾಸಂ. 1959ರಲ್ಲಿ ಫ್ರಾಂಟ್ಸ್ ವರ್ಣಿಸಿದ್ದು. ಹದಿನೆಂಟು-ಇಪ್ಪತ್ತೈದರ ಹುಡುಗಿಗೆ ಮೇಲುಹೊಟ್ಟೆಯಲ್ಲಿ ಕೈಗೆ ಹತ್ತುವ ಗಡ್ಡೆ, ಸ್ಕ್ಯಾನಿನಲ್ಲಿ ಅರ್ಧ ಗಟ್ಟಿ ಅರ್ಧ ರಕ್ತ ತುಂಬಿದ ಚೀಲ, ಸುತ್ತ ದಪ್ಪ ಕವಚ. ಇದು ಮಂದಗತಿಯ ಕ್ಯಾನ್ಸರೇ, ಆದರೆ ಪೂರ್ತಿ ತೆಗೆದರೆ ನೂರಕ್ಕೆ ತೊಂಬತ್ತೈದರಷ್ಟು ಮಂದಿ ವಾಸಿಯಾಗುತ್ತಾರೆ. ಹುಸಿಚೀಲವೆಂದು ತಪ್ಪು ತಿಳಿಯುವ ಸಾಧ್ಯತೆ ಇದರಲ್ಲೂ ಇದೆ.

ಉಳಿದವು ವಿರಳ: ಅಂಚು ಮಾತ್ರ ಬೆಳಗುವ ನ್ಯೂರೋಎಂಡೋಕ್ರೈನ್ ಗೆಡ್ಡೆ, ನಡುವೆ ಕೊಳೆತು ಚೀಲದಂತೆ ಕಾಣುವ ಮಾಮೂಲಿ ಕ್ಯಾನ್ಸರ್, ಸರಳ ಸಿಸ್ಟ್, ಲಿಂಫೋಎಪಿಥೀಲಿಯಲ್ ಸಿಸ್ಟ್. ನಮ್ಮ ಸೀಮೆಗೆ ಎರಡು ಹೆಚ್ಚುವರಿ. ಕ್ಷಯ ಗ್ರಂಥಿಯಲ್ಲಿ ಚೀಲದ ವೇಷ ಹಾಕಬಲ್ಲದು. ಇನ್ನೊಂದು ಹೈಡಾಟಿಡ್, ನಾಯಿಯ ಲಾಡಿಹುಳದ ಮರಿಚೀಲ. ಕುರಿ, ಕುರಿಕಾಯುವ ನಾಯಿ ಎರಡೂ ಇರುವ ಕಡೆ ಈ ಹುಳಕ್ಕೆ ನೆಲೆ ಸಿಗುತ್ತದೆ. ಯಕೃತ್ತು, ಶ್ವಾಸಕೋಶ ಬಿಟ್ಟು ಇಲ್ಲಿ ಕೂರುವುದು ಅಪರೂಪ, ಆದರೂ ನೆನಪಿಡಬೇಕು: ಗೊತ್ತಿಲ್ಲದೆ ಸೂಜಿ ಚುಚ್ಚಿ ದ್ರವ ಹೊಟ್ಟೆಗೆ ಚೆಲ್ಲಿದರೆ ಜೀವಕ್ಕೇ ಕುತ್ತಾಗುವ ಅಲರ್ಜಿ ಬರಬಹುದು, ಹುಳದ ಚೀಲಗಳು ಹೊಟ್ಟೆ ತುಂಬ ಮೊಳೆಯಬಹುದು.

ಪರೀಕ್ಷೆಯಲ್ಲಿ ಹಣ ಎಲ್ಲಿ ವ್ಯರ್ಥವಾಗುತ್ತದೆ ಎಂಬುದನ್ನೂ ಹೇಳಬೇಕು. ಮಾಮೂಲಿ ‘ಹೊಟ್ಟೆ ಸಿ.ಟಿ.’ ಬದಲು ಪ್ಯಾಂಕ್ರಿಯಾಸ್ ಪ್ರೋಟೋಕಾಲ್ ಎಂದು ಚೀಟಿಯಲ್ಲಿ ಬರೆಯಬೇಕು. ಕಾಂಟ್ರಾಸ್ಟ್ ಕೊಟ್ಟು 40-45 ಸೆಕೆಂಡಾದಾಗ ಒಂದು ಸಲ, 65-70 ಸೆಕೆಂಡಾದಾಗ ಇನ್ನೊಂದು ಸಲ ಚಿತ್ರ, 3 ಮಿ.ಮೀ. ಅಥವಾ ಅದಕ್ಕಿಂತ ತೆಳು ಹೋಳು, ಬಾಯಿಂದ ಬಿಳಿ ಕಾಂಟ್ರಾಸ್ಟ್ ಬದಲು ಬರೀ ನೀರು. ಮೊದಲು ಕಿಡ್ನಿಯ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ನೋಡಿರಬೇಕು. ಚೀಲಕ್ಕೂ ನಾಳಕ್ಕೂ ಸಂಪರ್ಕವಿದೆಯೇ ಎಂಬುದನ್ನು ನಾಳಗಳ ಎಂಆರ್‌ಐ ಆದ ಎಂಆರ್‌ಸಿಪಿ ಹೇಳಿದಷ್ಟು ಚೆನ್ನಾಗಿ ಸಿ.ಟಿ. ಹೇಳಲಾರದು, ವಿಕಿರಣವೂ ಇಲ್ಲದ್ದರಿಂದ ವರ್ಷಗಟ್ಟಲೆ ನೋಡುತ್ತ ಹೋಗಲು ಅದೇ ಸರಿ. ನಾಲ್ಕಾರು ತಾಸು ಖಾಲಿ ಹೊಟ್ಟೆ ಬೇಕು. ಕೆಲವೆಡೆ ಸ್ಕ್ಯಾನಿಗೆ ಮುಂಚೆ ಅನಾನಸ್ ರಸ ಕುಡಿಸುತ್ತಾರೆ. ಬನವಾಸಿಯ ಹಣ್ಣಿನ ಮೇಲಿನ ಪ್ರೀತಿಗಲ್ಲ, ಅದರಲ್ಲಿರುವ ಮ್ಯಾಂಗನೀಸ್ ಜಠರದ ನೀರಿನ ಹೊಳಪನ್ನು ತಗ್ಗಿಸಿ ನಾಳ ನಿಚ್ಚಳವಾಗಿ ಕಾಣಲೆಂದು.

ಅನುಮಾನ ಉಳಿದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಚೀಲದೊಳಗಿನ ಉಂಡೆ ಗೆಡ್ಡೆಯ ಗಂಟೋ ಲೋಳೆಯ ಮುದ್ದೆಯೋ ಎಂಬುದು ಇಲ್ಲಿ ತಿಳಿಯುತ್ತದೆ. ಲೋಳೆಯ ಮುದ್ದೆಗೆ ನುಣುಪು ಅಂಚು, ಸುತ್ತ ಬೆಳ್ಳಗಿನ ಗೆರೆ. ರೋಗಿಯನ್ನು ಹೊರಳಿಸಿದರೆ ಜರುಗುತ್ತದೆ, ಕಾಂಟ್ರಾಸ್ಟ್ ಹೀರುವುದಿಲ್ಲ. ಗಂಟು ಗೋಡೆಗೆ ಕಚ್ಚಿಕೊಂಡಿರುತ್ತದೆ. ಸೂಜಿಯಲ್ಲಿ ದ್ರವ ಬಂದರೆ ಮೊದಲ ಪರೀಕ್ಷೆಗೆ ಲ್ಯಾಬೇ ಬೇಡ: ಒಂದು ಹನಿ ಹೆಬ್ಬೆರಳು-ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಬಿಡಿಸಿದಾಗ ಹೆಚ್ಚಿದ ಬೆಂಡೆಕಾಯಿಯ ಲೋಳೆಯಂತೆ ಒಂದು ಸೆಂ.ಮೀ. ಎಳೆ ಬಂದು ಒಂದು ಸೆಕೆಂಡು ನಿಂತರೆ ಒಳಗಿರುವುದು ಲೋಳೆ. ದ್ರವ ಕೊಂಚವೇ ಸಿಕ್ಕರೆ ಗ್ಲೂಕೋಸ್ ಮೊದಲು ನೋಡುವುದು ಜಾಣತನ, 50 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಲೋಳೆಯ ಗೆಡ್ಡೆಯ ಕಡೆಗೆ ಬೆರಳು. ದ್ರವದಲ್ಲಿ ಸಿಇಎ ಎಂಬ ಪ್ರೋಟೀನು 192 ನ್ಯಾನೋಗ್ರಾಂ ದಾಟಿದರೂ ಹಾಗೆಯೇ. 5ಕ್ಕಿಂತ ಕೆಳಗಿದ್ದರೆ ಸೀರಸ್ ಅಥವಾ ಹುಸಿಚೀಲ. ಗ್ರಂಥಿಯ ರಸದ ಕಿಣ್ವವಾದ ಅಮೈಲೇಸ್ 250ಕ್ಕಿಂತ ಕಡಿಮೆಯಿದ್ದರೆ ಹುಸಿಚೀಲವನ್ನು ಬಹುಮಟ್ಟಿಗೆ ಪಟ್ಟಿಯಿಂದ ತೆಗೆಯಬಹುದು. ಸಿಇಎ ಎಷ್ಟೇ ಏರಿದರೂ ಅದು ಲೋಳೆ ಎಂದಷ್ಟೇ ಹೇಳುತ್ತದೆ, ಕ್ಯಾನ್ಸರ್ ಎಂದು ಹೇಳುವುದಿಲ್ಲ. ಕ್ಯಾನ್ಸರ್ ಗುರುತೆಂದು ರಕ್ತದಲ್ಲಿ ನೋಡುವ ಸಿಎ 19-9 ಕೂಡ ಬರೀ ಪಿತ್ತನಾಳದ ಹರಳಿನ ಕಾಮಾಲೆಯಲ್ಲೇ ಏರಬಲ್ಲದು. ಚೀಲವೇ ಇಲ್ಲದವರಿಗೆ ಹೆಲ್ತ್ ಪ್ಯಾಕೇಜಿನಲ್ಲಿ ಅದನ್ನು ಸೇರಿಸುವುದರಿಂದ ಭಯವೊಂದೇ ಲಾಭ.

ಈಗ ಸ್ಕ್ಯಾನ್ ಸೆಂಟರ್‌ಗಳಲ್ಲಿ ಮತ್ತು ವರದಿ ಬರೆಯುವ ವೈದ್ಯಮಿತ್ರರಲ್ಲಿ ನಮ್ಮ ಕೋರಿಕೆ. ‘ಸಿಸ್ಟ್ ಇದೆ’ ಎಂದು ನಿಲ್ಲಿಸಬೇಡಿ. ಅತಿ ಉದ್ದದ ಅಳತೆ ಮಿ.ಮೀ.ನಲ್ಲಿ, ತಲೆಯೋ ಕತ್ತೋ ನಡುವೋ ಬಾಲವೋ, ಒಂದೋ ಹಲವೋ, ಒಳಗೆ ಒಂದೇ ಕೋಣೆಯೋ ಅಡ್ಡಗೋಡೆಗಳೋ ಜೇನುಹುಟ್ಟೋ, ಗೋಡೆ ದಪ್ಪವೇ, ಸುಣ್ಣವಿದ್ದರೆ ನಡುವೆಯೋ ಅಂಚಿಗೋ, ಗಂಟಿದ್ದರೆ ಕಾಂಟ್ರಾಸ್ಟ್ ಹೀರುತ್ತದೆಯೇ, ಮುಖ್ಯ ನಾಳದ ಅಗಲವೆಷ್ಟು, ಚೀಲ ಅದಕ್ಕೆ ಕೂಡಿದೆಯೇ, ಉಳಿದ ಗ್ರಂಥಿ ಹೇಗಿದೆ ಎಂದು ಬರೆಯಿರಿ. ಆರೇಳು ಸಾಲು ಹೆಚ್ಚಾಗುತ್ತದೆ ಅಷ್ಟೇ. ಮುಖ್ಯ ನಾಳದ ಅಳತೆಯೊಂದೇ ಬಿಟ್ಟರೂ ಮುಂದಿನ ವೈದ್ಯರು ಇಡೀ ಸ್ಕ್ಯಾನನ್ನು ಮತ್ತೆ ಮಾಡಿಸಬೇಕಾಗುತ್ತದೆ, ಆ ಖರ್ಚು ಬೀಳುವುದು ರೋಗಿಯ ಮೇಲೆ.

ಕವಲು ನಾಳದ ಐಪಿಎಂಎನ್ ಎಂದು ತೀರ್ಮಾನವಾಗಿ, ಚೀಲದ ಅಳತೆಯೊಂದನ್ನು ಬಿಟ್ಟರೆ ಮೇಲಿನ ಯಾವ ಗುರುತೂ ಇಲ್ಲದವರಿಗೆ ಕ್ಯೋಟೊ ಸೂಚಿಯ ಲೆಕ್ಕ ಹೀಗಿದೆ: 2 ಸೆಂ.ಮೀ.ಗಿಂತ ಚಿಕ್ಕದಾದರೆ ಆರು ತಿಂಗಳ ಬಳಿಕ ಒಂದು ಸಲ ನೋಡಿ, ಬದಲಾಗದಿದ್ದರೆ ಆಮೇಲೆ 18 ತಿಂಗಳಿಗೊಮ್ಮೆ. 2ರಿಂದ 3 ಸೆಂ.ಮೀ. ಇದ್ದರೆ ಆರಾರು ತಿಂಗಳಿಗೆ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ, 3 ಸೆಂ.ಮೀ. ಮತ್ತು ಮೇಲಾದರೆ ಆರು ತಿಂಗಳಿಗೊಮ್ಮೆ. ಗೆಡ್ಡೆ ತೆಗೆಸಿಕೊಂಡವರೂ ಬಿಡುವಂತಿಲ್ಲ, ಉಳಿದ ಗ್ರಂಥಿಯಲ್ಲಿ ಹೊಸದು ಹುಟ್ಟಬಹುದು. ವಯಸ್ಸು, ಹೃದಯದ ಸ್ಥಿತಿ ನೋಡಿ ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲವೆನಿಸಿದವರಿಗೆ ಈ ಸ್ಕ್ಯಾನ್‌ಗಳ ಸರಣಿಯನ್ನೇ ನಿಲ್ಲಿಸುವುದು ತಪ್ಪಲ್ಲ. ಎಂಬತ್ತೈದರ ಅಜ್ಜನನ್ನು ಆರು ತಿಂಗಳಿಗೊಮ್ಮೆ ಎಂಆರ್‌ಐ ಕೊಳವೆಯಲ್ಲಿ ಮಲಗಿಸುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ.

ಈ ಎಲ್ಲ ಲೆಕ್ಕವೂ ಹಳೆಯ ಚಿತ್ರದ ಪಕ್ಕ ಹೊಸ ಚಿತ್ರ ಇಟ್ಟಾಗಲೇ ನಡೆಯುವುದು. ವರ್ಷಕ್ಕೆ 2.5 ಮಿ.ಮೀ. ಬೆಳೆಯಿತೋ ಇಲ್ಲವೋ ಎಂದು ವರದಿಯ ಹಾಳೆ ನೋಡಿ ಹೇಳಲಾಗದು, ಒಮ್ಮೆ ಎಂಆರ್‌ಐ ಒಮ್ಮೆ ಅಲ್ಟ್ರಾಸೌಂಡ್ ಮಾಡಿಸಿದರೂ ಹೇಳಲಾಗದು. ಸೆಂಟರ್‌ನಿಂದ ಫಿಲ್ಮಿನ ಜೊತೆ ಸಿ.ಡಿ. ಕೇಳಿ ಪಡೆಯಿರಿ, ಮೇಲೆ ತಾರೀಕು ಬರೆದು ರೇಷನ್ ಕಾರ್ಡ್ ಇಡುವ ಜಾಗದಲ್ಲೇ ಇಡಿ. ಅದು ಕಳೆದರೆ ಎರಡು ವರ್ಷದ ಕಾಯುವಿಕೆಯನ್ನು ಮೊದಲ ದಿನದಿಂದ ಮತ್ತೆ ಎಣಿಸಬೇಕಾಗುತ್ತದೆ.

– ಹೊಟ್ಟೆರೋಗ ಮತ್ತು ರೇಡಿಯಾಲಜಿ ವಿಭಾಗಗಳ ಕೆಲವು ವೈದ್ಯರು, ಹುಬ್ಬಳ್ಳಿ-ಧಾರವಾಡ